ಮನೆಯ ಮಾರಾಟ ಮತ್ತು ದಲ್ಲಾಳಿಯ ಮಾತು

ಗೃಹಸ್ಥನಿಗೆ ಕ್ರಯವಿಕ್ರಯಗಳು ತಪ್ಪಿದ್ದಲ್ಲ. ಕಾಳುಕಡಿ, ಬಟ್ಟೆಬರೆಗಳ ವ್ಯಾಪಾರದಲ್ಲಿ ಅಣುವ್ರತಗಳನ್ನು ಹೇಗೆ ಕಾಯ್ದುಕೊಳ್ಳಬೇಕೆಂಬುದನ್ನು ಹಿರಿಯರು ಮಕ್ಕಳಿಗೆ ಅಂಗಡಿಯ ಗಾದಿಯ ಮೇಲೆಯೇ ಕಲಿಸುತ್ತಾರೆ. ಆದರೆ ಮನೆಯನ್ನು ಮಾರುವ ಪ್ರಸಂಗ ಜೀವಮಾನದಲ್ಲಿ ಒಮ್ಮೆಯೋ ಎರಡು ಬಾರಿಯೋ ಒದಗುವಂಥದು. ಅದರ ಅಭ್ಯಾಸ ಯಾರಿಗೂ ಇರುವುದಿಲ್ಲ. ಆದ್ದರಿಂದಲೇ ನಿತ್ಯದ ತಕ್ಕಡಿಯಲ್ಲಿ ಎಚ್ಚರ ತಪ್ಪದ ಶ್ರಾವಕನೂ ಅಲ್ಲಿ ಎಡವುವ ಸಂಭವವುಂಟು.

ಬೀದರ ಜಿಲ್ಲೆಯ ಭಾಲ್ಕಿ ತಾಲ್ಲೂಕಿನ ಮೆಹಕರದಂತಹ ಊರಿನ ಒಂದು ಹಳೆಯ ಮನೆಯನ್ನು ಉದಾಹರಣೆಗೆ ಕಲ್ಪಿಸಿಕೊಳ್ಳಬಹುದು. ಮಕ್ಕಳು ಉದ್ಯೋಗ ನಿಮಿತ್ತ ಹೈದರಾಬಾದು, ಪುಣೆಗಳಲ್ಲಿ ನೆಲೆಸಿದ್ದಾರೆ. ತಂದೆತಾಯಿಗಳ ಕಾಲಾನಂತರ ಮನೆಗೆ ಬೀಗ ಬಿದ್ದಿದೆ. ಮಾರುವುದೆಂದು ಸಹೋದರರು ಒಮ್ಮತಕ್ಕೆ ಬಂದ ಮೇಲೆ ಏಳುವ ಮೊದಲ ಪ್ರಶ್ನೆ: ಗಿರಾಕಿಯನ್ನು ತಾವೇ ಹುಡುಕುವುದೋ, ದಲ್ಲಾಳಿಗೆ ಒಪ್ಪಿಸುವುದೋ?

ಲೆಕ್ಕದ ದೃಷ್ಟಿಯಿಂದ ಉತ್ತರ ಕಠಿಣವಲ್ಲ. 12 ಲಕ್ಷ ರೂಪಾಯಿಯ ಮನೆಗೆ ನೂರಕ್ಕೆ 2ರಂತೆ ದಲಾಲಿ ಗೊತ್ತುಪಡಿಸಿದರೆ 24,000 ರೂಪಾಯಿಯಾಗುತ್ತದೆ. ತಾವೇ ಮಾರಿದರೆ ಅಷ್ಟು ಉಳಿಯುತ್ತದೆ. ಆದರೆ ಪುಣೆಯಿಂದ ಹತ್ತು ಬಾರಿ ಬಂದುಹೋಗುವ ಖರ್ಚು, ಕಳೆದ ರಜೆಗಳು, ಪರಿಚಯವಿಲ್ಲದ ಗಿರಾಕಿಯ ಭರವಸೆ, ಇವನ್ನೂ ಖರ್ಚಿನ ಬದಿಗೆ ಬರೆದುಕೊಳ್ಳಬೇಕು. ಪಂಚಾಯಿತಿಯ ಇ-ಸ್ವತ್ತು, ಋಣಭಾರ ಪತ್ರ, ಎಲ್ಲ ವಾರಸುದಾರರ ಸಹಿ, ಇವು ಒಂದೆರಡು ದಿನದ ಕೆಲಸವಲ್ಲ. 1948ರವರೆಗೆ ನಿಜಾಮನ ಆಳ್ವಿಕೆಯಲ್ಲಿದ್ದ ಈ ಸೀಮೆಯಲ್ಲಿ ಅಜ್ಜನ ಕಾಲದ ಕಾಗದಗಳು ಉರ್ದುವಿನಲ್ಲಿರುವುದೂ ಉಂಟು. ಇದೆಲ್ಲವನ್ನು ಬಲ್ಲ ದಲ್ಲಾಳಿಯು ಪಡೆಯುವ ಹಣ ದುಡಿಮೆಯ ಹಣವೇ. ಆ ವೃತ್ತಿಯನ್ನು ಹೀನವೆಂದು ಜರಿಯುವುದು ಸಲ್ಲದು.

ಧರ್ಮದ ಪ್ರಶ್ನೆ ಇರುವುದು ಬೇರೆಡೆಯಲ್ಲಿ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ನೆರೆಯ ಲಾತೂರು ಜಿಲ್ಲೆಯ ಕಿಲ್ಲಾರಿಯ ಸುತ್ತ ಸಂಭವಿಸಿದ ಭೂಕಂಪವನ್ನು ಗಡಿಭಾಗದ ಹಿರಿಯರು ಮರೆತಿಲ್ಲ. ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆಗಳು ಮಲಗಿದ್ದವರ ಮೇಲೆ ಕುಸಿದು ಸಾವಿರಾರು ಜನ ಪ್ರಾಣ ಬಿಟ್ಟರು. ಈಗ ಮಾರಬೇಕಾದ ಮನೆಯೂ ಅಂತಹುದೇ. ಅದರ ಹಿಂದಿನ ಗೋಡೆಯಲ್ಲಿ ನೆಲದಿಂದ ಮಾಳಿಗೆಯವರೆಗೆ ಒಂದು ಬಿರುಕಿದೆಯೆಂದು ಇಟ್ಟುಕೊಳ್ಳೋಣ. ಹಿರಿಯ ಸಹೋದರನಿಗೆ ಅದು ಗೊತ್ತು. ಗಿರಾಕಿಯ ಮುಖ ನೋಡಿ ಸುಳ್ಳಾಡುವ ಧೈರ್ಯ ಅವನಿಗಿಲ್ಲ. ಆದ್ದರಿಂದ ಮನೆಯನ್ನು ದಲ್ಲಾಳಿಗೆ ಒಪ್ಪಿಸುತ್ತಾನೆ. ದಲ್ಲಾಳಿ ಗಿಲಾಯ ಮಾಡಿಸಿ, ಬಣ್ಣ ಹೊಡೆಸಿ, ಗೋಡೆ ಗಟ್ಟಿಯಿದೆಯೆಂದು ಹೇಳಿ ಖರೀದಿಪತ್ರ ಮಾಡಿಸುತ್ತಾನೆ. ಮುಂದಿನ ಮಳೆಗಾಲದಲ್ಲಿ ಬಿರುಕು ಹೊರಬಿದ್ದಾಗ ಮಾರಿದವನ ಉತ್ತರ ಸಿದ್ಧವಾಗಿರುತ್ತದೆ: "ನಾ ಏನೂ ಹೇಳಿಲ್ರೀ, ದಲ್ಲಾಳಿ ಹೇಳ್ಯಾನ."

ಈ ಉತ್ತರವನ್ನು ಜೈನಶಾಸ್ತ್ರ ಒಪ್ಪುವುದಿಲ್ಲ. ತತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಆಸ್ರವದ ಪ್ರಭೇದಗಳನ್ನು ಎಣಿಸುವಾಗ ಆಚಾರ್ಯ ಉಮಾಸ್ವಾಮಿಗಳು ಕೃತ, ಕಾರಿತ, ಅನುಮತ ಎಂಬ ಮೂರನ್ನು ಒಂದೇ ಸಾಲಿನಲ್ಲಿ ಇಟ್ಟಿದ್ದಾರೆ. ತಾನೇ ಮಾಡುವುದು, ಇತರರಿಂದ ಮಾಡಿಸುವುದು, ಇತರರು ಮಾಡಿದ್ದಕ್ಕೆ ಸಮ್ಮತಿಸುವುದು. ಸಂರಂಭ, ಸಮಾರಂಭ, ಆರಂಭಗಳೆಂಬ ಮೂರು, ಮನ ವಚನ ಕಾಯಗಳೆಂಬ ಮೂರು, ಈ ಮೂರು, ನಾಲ್ಕು ಕಷಾಯಗಳು, ಇವನ್ನು ಗುಣಿಸಿದರೆ 108 ಆಗುತ್ತದೆ. ಜಪಮಾಲೆಯ ಮಣಿಗಳನ್ನು ಈ 108ರೊಡನೆ ಹೊಂದಿಸಿ ಹೇಳುವ ವಾಡಿಕೆಯಿದೆ. ದಿನವೂ ಮಾಲೆಯನ್ನು ತಿರುಗಿಸುವ ಕೈ, ಅದರಲ್ಲಿ ಮೂರರಲ್ಲೊಂದು ಪಾಲು ಮಾಡಿಸಿದ್ದರ ಲೆಕ್ಕವೆಂಬುದನ್ನು ನೆನೆಯಬೇಕು. ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ಮೊದಲನೆಯದು ಸ್ತೇನಪ್ರಯೋಗ. ಅಂದರೆ ತಾನು ಕದಿಯದೆ ಇನ್ನೊಬ್ಬನನ್ನು ಕಳವಿಗೆ ಪ್ರೇರಿಸುವುದು. ಆ ಗೋಡೆಯ ಕೆಳಗೆ ನಾಳೆ ಒಂದು ಮಗು ಮಲಗುತ್ತದೆಂಬುದನ್ನು ನೆನೆದರೆ ವಿಷಯ ಅಸತ್ಯಕ್ಕೇ ನಿಲ್ಲದೆ ಹಿಂಸೆಯನ್ನು ಮುಟ್ಟುತ್ತದೆ. ಅಸತ್ಯಾದಿಗಳೆಲ್ಲವೂ ಹಿಂಸೆಯೇ ಎಂದು ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ನಿರೂಪಿಸಿರುವುದರ ಮರ್ಮ ಇಲ್ಲಿ ತಿಳಿಯುತ್ತದೆ.

ಲೌಕಿಕ ಕಾನೂನೂ ಇದಕ್ಕೆ ದೂರವಿಲ್ಲ. ಮಾರುವವನಿಗೆ ತಿಳಿದಿದ್ದು, ಕೊಳ್ಳುವವನಿಗೆ ತಿಳಿಯದೆ, ಸಾಮಾನ್ಯ ಎಚ್ಚರದಿಂದಲೂ ಕಾಣಲಾರದ ಮುಖ್ಯ ದೋಷವನ್ನು ಹೇಳಲೇಬೇಕೆಂದು 1882ರ ಸ್ವತ್ತು ವರ್ಗಾವಣೆ ಕಾಯ್ದೆ ವಿಧಿಸುತ್ತದೆ. ತನಗೊಪ್ಪಿಸಿದ ಕೆಲಸದಲ್ಲಿ ಪ್ರತಿನಿಧಿ ಆಡಿದ ಸುಳ್ಳು, ಕರಾರಿನ ಮಟ್ಟಿಗೆ, ಯಜಮಾನನೇ ಆಡಿದಂತೆ ಎಂಬುದು 1872ರ ಕರಾರು ಕಾಯ್ದೆಯ ಮಾತು. ರೇರಾ ಎಂದು ಹೆಸರಾದ 2016ರ ಕಾಯ್ದೆ ದಲ್ಲಾಳಿಗಳ ನೋಂದಣಿಯನ್ನು ಕಡ್ಡಾಯಮಾಡಿತಾದರೂ ಅದು ನೋಂದಾಯಿತ ಹೊಸ ಯೋಜನೆಗಳ ಮಾರಾಟಕ್ಕೆ ಸಂಬಂಧಿಸಿದ್ದು. ಹಳ್ಳಿಯ ಹಳೆಯ ಮನೆಗೆ ಕಾವಲು ಮಾರುವವನ ಅಂತಃಕರಣವೇ.

ಇನ್ನೊಂದು ರೂಢಿಯನ್ನು ಪರೀಕ್ಷಿಸಬೇಕು. "ನನ್ನ ಕೈಗೆ 12 ಲಕ್ಷ ಕೊಡು, ಮೇಲಿನದು ನಿನಗೆ" ಎಂದು ದಲ್ಲಾಳಿಗೆ ಹೇಳುವುದುಂಟು. ನೋಡಲು ಇದು ಸರಳ. ಆದರೆ ಆ ಕ್ಷಣದಿಂದ ದಲ್ಲಾಳಿಗೆ ಇಬ್ಬರಿಂದಲೂ ದರವನ್ನು ಮರೆಮಾಚುವುದೇ ಲಾಭವಾಗುತ್ತದೆ. ಅಡತಿ ಅಂಗಡಿಯಲ್ಲಿ ತೊಗರಿ ಮಾರಿದ ರೈತನಿಗೆ ತೂಕ, ದರ, ಖರ್ಚುಗಳ ಪಟ್ಟಿ ಸಿಗುತ್ತದೆ. ಒಂದು ಚೀಲ ತೊಗರಿಗೆ ಇರುವ ಪಟ್ಟಿ ಒಂದು ಮನೆಗೆ ಇಲ್ಲವಾದರೆ ಅದು ಯಾವ ನ್ಯಾಯ? ದಲಾಲಿ ಎಷ್ಟು, ಯಾರಿಂದ ಎಂಬುದು ಎರಡೂ ಕಡೆಗೆ ತಿಳಿದಿರಬೇಕು. ನೋಂದಣಿಯಲ್ಲಿ ಬೆಲೆ ಕಡಿಮೆ ತೋರಿಸಿ ಉಳಿದದ್ದನ್ನು ನಗದಾಗಿ ಪಡೆಯುವ ಸಲಹೆ ಯಾರಿಂದ ಬಂದರೂ ಅದು ವಿರುದ್ಧರಾಜ್ಯಾತಿಕ್ರಮವೆಂಬ ಅತಿಚಾರಕ್ಕೆ ಎಡೆಮಾಡುತ್ತದೆ.

ಹಾಗಾದರೆ ತಾನೇ ಮಾರುವವನು ನಿರ್ದೋಷಿಯೋ? ಅದೂ ಅಲ್ಲ. ಮನೆಯ ಮೇಲಿನ ಮೂರ್ಛೆಯಿಂದ ಅವನು ತಾಯಿಯ ನೆನಪಿಗೂ ಬೆಲೆ ಕಟ್ಟಿ ಗಿರಾಕಿಯಿಂದ ವಸೂಲಿ ಮಾಡಬಯಸುತ್ತಾನೆ. ದಲ್ಲಾಳಿ ತೋರಿಸಿದ ಗಿರಾಕಿಯನ್ನು ಹಿಂಬಾಗಿಲಿನಿಂದ ಕರೆಸಿ, ಅವನ ದಲಾಲಿಯನ್ನು ತಪ್ಪಿಸಿ, ತಾನೇ ಮಾರಿದೆನೆಂದು ಬೀಗುವವರೂ ಇದ್ದಾರೆ. ದುಡಿದವನ ಕೂಲಿಯನ್ನು ಉಳಿಸಿಕೊಂಡದ್ದು ಉಳಿತಾಯವಲ್ಲ, ಅದು ಅದತ್ತಾದಾನ.

ಮಂದಿರಗಳ ವಿಶ್ವಸ್ತರು ಇನ್ನೂ ಹೆಚ್ಚು ಎಚ್ಚರದಿಂದಿರಬೇಕು. ಅವರು ಮಾರುವುದು ತಮ್ಮ ಸ್ವತ್ತನ್ನಲ್ಲ, ದಾನಿಗಳ ಭಾವನೆಯನ್ನು. ವಿಶ್ವಸ್ತನೇ ದಲ್ಲಾಳಿಯಾಗುವುದು, ಅವನ ಬಂಧುವೇ ಕೊಳ್ಳುವುದು, ಎರಡೂ ವರ್ಜ್ಯ. ಸಭೆಯ ನಿರ್ಣಯ, ಬಹಿರಂಗ ಪ್ರಕಟಣೆ, ಬರೆದಿಟ್ಟ ಲೆಕ್ಕ ಇವಿಲ್ಲದೆ ಒಂದು ಗೇಣು ಜಾಗವೂ ಕೈಬದಲಾಗಬಾರದು.

ಒಟ್ಟಿನಲ್ಲಿ ತಾನೇ ಮಾರುವುದೂ ದಲ್ಲಾಳಿಯಿಂದ ಮಾರಿಸುವುದೂ ಅನುಕೂಲದ ವಿಷಯ. ದಲಾಲಿ ಕೊಟ್ಟು ಶ್ರಮವನ್ನು ಕೊಳ್ಳಬಹುದು, ಪರಿಚಯವನ್ನು ಕೊಳ್ಳಬಹುದು, ಕರ್ಮವನ್ನು ವರ್ಗಾಯಿಸಲಾಗದು. ತನ್ನ ಬಾಯಿಂದ ಆಡಲಾಗದ ಮಾತನ್ನು ಇನ್ನೊಬ್ಬರ ಬಾಯಿಂದ ಆಡಿಸಬಾರದು. ಆ ಹಿರಿಯ ಸಹೋದರನು ಮನೆಯ ಬೀಗದ ಕೈಯೊಡನೆ ಒಂದು ಚೀಟಿಯನ್ನೂ ದಲ್ಲಾಳಿಗೆ ಕೊಟ್ಟು, "ಹಿಂದಿನ ಗೋಡೆಯಲ್ಲಿ ಬಿರುಕಿದೆ, ಗಿರಾಕಿಗೆ ಮೊದಲು ಅದನ್ನೇ ತೋರಿಸಿ" ಎಂದು ಬರೆದಿದ್ದರೆ ಬೆಲೆ ಸ್ವಲ್ಪ ಇಳಿಯುತ್ತಿತ್ತು. ಕೊಂಡವನು ಗೋಡೆಯನ್ನು ಬಿಚ್ಚಿ ಕಟ್ಟಿಸಿ ನಿಶ್ಚಿಂತೆಯಿಂದ ಮಲಗುತ್ತಿದ್ದ, ಮಾರಿದವನೂ ಮಲಗುತ್ತಿದ್ದ.