ಎಡೆಗಿಲ್ಲದ ತೆರಿಗೆ ಗಂಜಿಗೇಕೆ?

ದೇವಸ್ಥಾನ ಕೊಡುವ ಪ್ರಸಾದಕ್ಕೆ ಜಿಎಸ್‌ಟಿ ಇಲ್ಲ. 2017ರ ಜುಲೈಯಲ್ಲಿ ಹೊಸ ತೆರಿಗೆ ಜಾರಿಯಾದಾಗಲೇ ಆ ವಿನಾಯಿತಿ ಸಿಕ್ಕಿತು. ಅನ್ನದಾನದ ಅಕ್ಕಿ, ಬೇಳೆ, ಎಣ್ಣೆ, ಬೆಲ್ಲದ ಮೇಲಿನ ತೆರಿಗೆಯಲ್ಲಿ ತನ್ನ ಪಾಲನ್ನು ಮರಳಿಸಲು ಕೇಂದ್ರ ಸರ್ಕಾರ 2018ರಲ್ಲಿ ಸೇವಾ ಭೋಜ್ ಯೋಜನೆಯನ್ನೂ ತಂದಿತು. ತಿಂಗಳಿಗೆ ಕನಿಷ್ಠ 5,000 ಮಂದಿಗೆ ಉಚಿತ ಊಟ ಹಾಕುವ ಧಾರ್ಮಿಕ, ಧರ್ಮಾರ್ಥ ಸಂಸ್ಥೆಗಳಿಗೆ ಅದು ಮೀಸಲಾಗಿತ್ತು. ಹಸಿದವರ ತುತ್ತಿನಲ್ಲಿ ಸರ್ಕಾರ ಪಾಲು ಕೇಳಬಾರದೆಂಬ ವಿವೇಕ ಇದರ ಹಿಂದಿದೆ. ಆ ವಿವೇಕ ಮನೆಯ ಒಲೆಯವರೆಗೆ ಬರಲಿಲ್ಲ. 2022ರ ಜುಲೈ 18ರಿಂದ, ಲೇಬಲ್ ಹಚ್ಚಿದ 25 ಕಿಲೋವರೆಗಿನ ಅಕ್ಕಿಚೀಲಕ್ಕೆ ಶೇ 5 ತೆರಿಗೆ ಬಿತ್ತು. ಕೊಕ್ಕರ್ಣೆ ಹಳ್ಳಿಯ ಕೂಲಿಯ ಮನೆಗೆ ಬರುವ 10 ಕಿಲೋ ಕುಚ್ಚಲಕ್ಕಿಯ ಚೀಲವೂ ಅದರೊಳಗೇ ಸೇರಿತು. ತೆಂಗಿನಕಾಯಿಗೆ ತೆರಿಗೆಯಿಲ್ಲ, ಅದರ ಎಣ್ಣೆಗೆ ಶೇ 5 ಇದೆ.

ತೆರಿಗೆ ಅಧರ್ಮವೆಂದು ನಮ್ಮ ಪರಂಪರೆ ಎಂದೂ ಹೇಳಿಲ್ಲ. ಶಾಂತಿಪರ್ವದ ಭೀಷ್ಮ, ದುಂಬಿ ಹೂವನ್ನು ನೋಯಿಸದೆ ಜೇನು ತೆಗೆಯುವಂತೆ ರಾಜ ತೆರಿಗೆ ಎತ್ತಬೇಕೆಂದು ಬೋಧಿಸುತ್ತಾನೆ. ದುಂಬಿಗೆ ಸಲ್ಲುವುದು ಹೂವಿನಲ್ಲಿ ತುಂಬಿ ಮಿಕ್ಕದ್ದು. ತೈತ್ತಿರೀಯ ಉಪನಿಷತ್ತಿನ ಭೃಗು ಬ್ರಹ್ಮವನ್ನು ಹುಡುಕುತ್ತ ಮೊದಲು ಕಂಡುಕೊಂಡದ್ದು ಅನ್ನವನ್ನು. ಶರಣರು ಉಣಿಸುವುದನ್ನೇ ದಾಸೋಹವೆಂಬ ಪೂಜೆಯಾಗಿಸಿದರು. ಇವೆಲ್ಲ ಸೇರಿ ಒಂದು ಮಾತನ್ನು ಸ್ಪಷ್ಟಪಡಿಸುತ್ತವೆ: ಹೊಟ್ಟೆ ತುಂಬಿದ ಮೇಲೆ ಉಳಿದದ್ದರಲ್ಲಷ್ಟೇ ರಾಜನಿಗೆ ಪಾಲು. ಕಾರು ಕೊಳ್ಳದೆ ಇರಬಹುದು, ಉಣ್ಣದೆ ಇರಲಾಗದು. ಬಿಡಲಾಗದ ವಸ್ತುವಿನ ಮೇಲಿನ ತೆರಿಗೆ ವ್ಯಾಪಾರದ ಮೇಲೆ ಬೀಳುವುದಿಲ್ಲ, ಬದುಕಿರುವುದರ ಮೇಲೆಯೇ ಬೀಳುತ್ತದೆ. ಬ್ರಿಟಿಷರ ಉಪ್ಪಿನ ಕರದ ವಿರುದ್ಧ 1930ರಲ್ಲಿ ಅಂಕೋಲೆಯ ಜನ ಕಡಲತೀರಕ್ಕಿಳಿದದ್ದು ಈ ಅನ್ಯಾಯವನ್ನು ಗುರುತಿಸಿಯೇ. ಇಂದು ಉಪ್ಪಿಗೆ ಜಿಎಸ್‌ಟಿ ಇಲ್ಲ. ಆ ಹೋರಾಟದ ತತ್ವ ಉಪ್ಪಿಗೆ ಮಾತ್ರ ನಿಲ್ಲಬೇಕಾಗಿಲ್ಲ.

ಚೀಲವಿಲ್ಲದ ಬಿಡಿ ಅಕ್ಕಿಗೆ ತೆರಿಗೆ ಇಲ್ಲವಲ್ಲ ಎನ್ನುವವರಿದ್ದಾರೆ. ನಿಜ, ಆದರೆ ಎಣ್ಣೆ, ಸಕ್ಕರೆ, ಚಹಾಪುಡಿಗೆ ಆ ದಾರಿಯೂ ಇಲ್ಲ. ಶುಚಿಯಾಗಿ ಕಟ್ಟಿದ ಅಕ್ಕಿಯನ್ನು ಬಯಸುವುದು ಭೋಗವೂ ಅಲ್ಲ. ವಿನಾಯಿತಿ ಕೊಟ್ಟರೆ ಸಿರಿವಂತರಿಗೂ ಲಾಭ, ಬಡವರಿಗೆ ಅನ್ನಭಾಗ್ಯದ ಉಚಿತ ಅಕ್ಕಿಯಿದೆ ಎಂಬುದು ಇನ್ನೊಂದು ವಾದ. 500 ರೂಪಾಯಿಯ ಎಣ್ಣೆಗೆ ಇಬ್ಬರೂ ಕೊಡುವುದು 25 ರೂಪಾಯಿಯೇ, ಆದರೆ ದಿನಗೂಲಿಯಲ್ಲಿ ಅದರ ತೂಕ ಬೇರೆ. ಸಿರಿವಂತರಿಗೆ ಬಿಟ್ಟದ್ದನ್ನು ಅವರ ವಿಲಾಸದಿಂದ ಮರಳಿ ಪಡೆಯಬಹುದು. ಒಂದು ಕೈಯಲ್ಲಿ ಅಕ್ಕಿ ಕೊಟ್ಟು ಇನ್ನೊಂದರಲ್ಲಿ ಎಣ್ಣೆಯಿಂದ ಕಿತ್ತುಕೊಳ್ಳುವುದು ಧರ್ಮವಾಗಲಾರದು. ಬರೀ ವಿನಾಯಿತಿ ಸಾಲದೆಂಬ ಆಕ್ಷೇಪ ಇವೆಲ್ಲಕ್ಕಿಂತ ಗಟ್ಟಿ: ವಿನಾಯಿತಿಯ ವಸ್ತುವನ್ನು ಮಾರುವವನಿಗೆ ತಾನು ಕೊಟ್ಟ ತೆರಿಗೆ ಹಿಂದಿರುಗುವುದಿಲ್ಲ, ಅದು ಬೆಲೆಯಲ್ಲಿ ಅಡಗುತ್ತದೆ. ಜಿಎಸ್‌ಟಿಯ ಹೊರಗಿರುವ ಡೀಸೆಲ್ ಮೇಲೆ ಕರ್ನಾಟಕ 2025ರ ಏಪ್ರಿಲ್‌ನಲ್ಲಿ ಶೇ 21.17ಕ್ಕೆ ಏರಿಸಿದ ಮಾರಾಟ ತೆರಿಗೆಯೂ ಅಕ್ಕಿ ಹೊತ್ತು ಬರುವ ಲಾರಿಯ ಬಾಡಿಗೆಯಲ್ಲಿ ಕೂತಿರುತ್ತದೆ. ಈ ಆಕ್ಷೇಪ ವಿನಾಯಿತಿಯನ್ನು ಕೈಬಿಡಲು ಕಾರಣವಲ್ಲ, ಪೂರ್ತಿಗೊಳಿಸಲು ಕಾರಣ: ದೇವಸ್ಥಾನಕ್ಕೆ ಮರಳಿಸಲು ದಾರಿ ಕಂಡುಕೊಂಡ ಸರ್ಕಾರ, ಅಕ್ಕಿ-ಎಣ್ಣೆಯ ಹಿಂದಿನ ತೆರಿಗೆಯನ್ನೂ ಮರಳಿಸಬಲ್ಲದು.

ಕೊಲ್ಲೂರು ದೇವಸ್ಥಾನದ ಪಂಕ್ತಿಯಲ್ಲಿ ಬಡಿಸಿದ ಅನ್ನವೂ ಕೊಕ್ಕರ್ಣೆಯ ಬಟ್ಟಲಿನ ಗಂಜಿಯೂ ಒಂದೇ ಹಸಿವಿಗೆ ಉತ್ತರ. ಮೊದಲನೆಯದನ್ನು ಪವಿತ್ರವೆಂದು ಒಪ್ಪಿದ ರಾಜ್ಯ ಎರಡನೆಯದನ್ನೂ ಹಾಗೆಯೇ ಕಾಣಬೇಕು.