ಸ್ವಾಮಿಯ ಅಂಗಳ ಎಲ್ಲಿಯವರೆಗೆ?

ಶ್ರೀ ಬಿಳಿಗಿರಿರಂಗನ ಸನ್ನಿಧಿಗೆ ಬರುವ ಭಕ್ತಾದಿಗಳು ಬಾಗಿಲ ಬಳಿ ಚಪ್ಪಲಿ ಬಿಟ್ಟು, ಕೈಕಾಲು ತೊಳೆದು ಒಳಗೆ ಹೋಗುತ್ತಾರೆ. ಬಿದ್ದ ತುಳಸಿ ದಳವನ್ನೂ ಯಾರೂ ತುಳಿಯುವುದಿಲ್ಲ. ದರ್ಶನ ಮುಗಿಸಿ ಬಂಡೆಯ ಅಂಚಿಗೆ ಬಂದು ಕಣಿವೆ ನೋಡುವಾಗ ಮಾತ್ರ ಕೆಲವರು ಖಾಲಿ ಬಾಟಲಿಯನ್ನು ಕೆಳಗೆ ಬಿಸಾಡುತ್ತಾರೆ. ‘ಅದು ಕಾಡು ತಾನೆ, ಏನಾಗುತ್ತೆ?’ ಅಂತಾರೆ. ಹಾಗಾದರೆ ದೇವರ ಜಾಗ ಎಲ್ಲಿಗೆ ಮುಗಿಯಿತು?

ಬಿಳಿಯ ಬಂಡೆಯಿಂದಲೇ ಈ ಬೆಟ್ಟಕ್ಕೆ ಬಿಳಿಗಿರಿ ಎಂಬ ಹೆಸರು ಬಂತೆನ್ನುತ್ತಾರೆ. ಈ ಸೀಮೆಯ ಮುಖ್ಯ ಶಿಲೆಗೆ ಭೂವಿಜ್ಞಾನಿಗಳು ಚಾರ್ನೊಕೈಟ್ ಎನ್ನುತ್ತಾರೆ. ಸುಮಾರು 250 ಕೋಟಿ ವರ್ಷಗಳ ಹಿಂದೆ ನೆಲದ ಆಳದಲ್ಲಿ, ಭಾರೀ ಕಾವಿನಲ್ಲಿ ಬೆಂದು ಗಟ್ಟಿಯಾದ ಕಲ್ಲಿದು. ಮೇಲಿನ ಪದರಗಳು ಸವೆದುಹೋದ ಮೇಲೆ ಹೊರಗೆ ಕಾಣಿಸಿತು. ಮಳೆ ಬಿಸಿಲಿಗೆ ಇದೇ ಕಲ್ಲು ಪುಡಿಯಾಗಿ ಮಣ್ಣಾಯಿತು, ಮಣ್ಣಿನಲ್ಲಿ ಶೋಲಾ ಕಾಡು, ಹುಲ್ಲುಗಾವಲು ಬೆಳೆದವು. ಅವು ಹಿಡಿದಿಟ್ಟ ನೀರು ಹಳ್ಳಗಳಾಗಿ ಇಳಿದು ಕಾವೇರಿ ಸೇರುತ್ತದೆ. ಬಾಟಲಿ ಎಸೆಯುವವರಲ್ಲಿ ಎಷ್ಟೋ ಜನ ಕಾವೇರಿ ನೀರು ಕುಡಿಯುವವರೇ.

ಸೋಲಿಗರು ಸ್ವಾಮಿಯನ್ನು ಭಾವ ಎಂದು ಕರೆಯುತ್ತಾರೆ. ತಮ್ಮ ಮನೆಯ ಹೆಣ್ಣು ಕುಸುಮಾಲೆಯನ್ನು ರಂಗನಾಥ ವರಿಸಿದನೆಂಬುದು ಅವರ ಕಥೆ. ಭಾರ್ಗವಿ ಹೊಳೆಯ ಬದಿಯ ದೊಡ್ಡ ಸಂಪಿಗೆ ಮರ ಅವರ ಪಾಲಿಗೆ ದೇವರು. ಈ ಕಾಡು 1974ರಲ್ಲಿ ಅಭಯಾರಣ್ಯವಾಯಿತು, 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಕಾಯಿದೆ ಬಂದಾಗ ಸೋಲಿಗರು ಕಾಡೊಳಗೆ ಜಾಗ ಬದಲಿಸುತ್ತ ಮಾಡುತ್ತಿದ್ದ ಬೇಸಾಯ ಬಿಡಬೇಕಾಯಿತು. ಅರಣ್ಯದ ಮೇಲೆ ಅವರಿಗಿದ್ದ ಸಮುದಾಯದ ಹಕ್ಕಿಗೆ ಮನ್ನಣೆ ಸಿಕ್ಕಿದ್ದು 2011ರಲ್ಲಿ. ತಲೆತಲಾಂತರದಿಂದ ಇದ್ದವರೇ ಇಷ್ಟು ಬಿಟ್ಟುಕೊಟ್ಟಿರುವಾಗ, ಅರ್ಧ ದಿನಕ್ಕೆ ಬಂದವರು ಒಂದು ಖಾಲಿ ಬಾಟಲಿ ವಾಪಸ್ ಹೊತ್ತುಕೊಂಡು ಹೋಗುವುದು ಕಷ್ಟವೇ?

‘ನಾನೊಬ್ಬ ಎಸೆದರೆ ಬೆಟ್ಟ ಕೆಡುತ್ತಾ?’ ಎಂದು ಕೇಳುವವರಿದ್ದಾರೆ. ಕೋಟಿ ಕೋಟಿ ವರ್ಷ ಕಂಡ ಬೆಟ್ಟ ಒಂದು ಬಾಟಲಿಗೆ ಕೆಡಲಾರದು, ನಿಜ. ಮನೆಯ ದೇವರ ಕೋಣೆಯಲ್ಲಿ ಒಬ್ಬ ಉಗುಳಿದರೆ ಗೋಡೆಯೂ ಬೀಳುವುದಿಲ್ಲ. ಆದರೂ ಯಾರಾದರೂ ಉಗುಳುತ್ತಾರೆಯೇ? ಲೆಕ್ಕ ಹಾಕಿ ಮಾಡುವುದು ಭಕ್ತಿಯಲ್ಲ. ಅದೂ ಅಲ್ಲದೆ, ಬೆಟ್ಟ ತಡೆದುಕೊಂಡರೂ ಪ್ಲಾಸ್ಟಿಕ್ ನುಂಗಿದ ಜಿಂಕೆ ತಡೆದುಕೊಳ್ಳುವುದಿಲ್ಲ.

ಭಕ್ತರು ಸ್ವಾಮಿಗೆ ದೊಡ್ಡ ಚರ್ಮದ ಚಪ್ಪಲಿ ಅರ್ಪಿಸುವ ವಾಡಿಕೆ ಇಲ್ಲಿದೆ. ಅದನ್ನು ಮೆಟ್ಟಿ ಸ್ವಾಮಿ ಕಾಡು ಸುತ್ತುತ್ತಾನೆ, ಅದಕ್ಕೇ ಚಪ್ಪಲಿ ಸವೆಯುತ್ತದೆ ಎಂದು ಹಿರಿಯರ ನಂಬಿಕೆ. ಆ ಚಪ್ಪಲಿ ಎಲ್ಲೆಲ್ಲಿ ಸವೆಯುತ್ತದೋ ಅಲ್ಲಿಯವರೆಗೂ ಸ್ವಾಮಿಯ ಅಂಗಳವೇ.