ಆಪತ್ತು ಯಾರದು?

ಮಗುವನ್ನು ದತ್ತು ಕೊಡುವುದು ಯಾವಾಗ ಸರಿ ಎಂಬುದಕ್ಕೆ ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯ ಒಂದು ಷರತ್ತು ಹಾಕುತ್ತದೆ. ತಾಯಿಯೋ ತಂದೆಯೋ ಆಪತ್ತಿನ ಸಮಯದಲ್ಲಿ, ಪ್ರೀತಿಯಿಂದ, ನೀರೆರೆದು ಕೊಟ್ಟ ಮಗ ದತ್ತಪುತ್ರನೆನಿಸುತ್ತಾನೆ. ಆ ಆಪತ್ತು ಯಾರದು ಎಂಬಲ್ಲಿ ವ್ಯಾಖ್ಯಾನಕಾರರು ಬೇರೆ ಬೇರೆ ದಾರಿ ಹಿಡಿದರು. ಪಡೆಯುವವನಿಗೆ ಗಂಡು ಸಂತಾನವಿಲ್ಲದಿರುವುದೇ ಆಪತ್ತು ಎಂದರು ಕೆಲವರು. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿ ಕೂತು ಮಿತಾಕ್ಷರ ಬರೆದ ವಿಜ್ಞಾನೇಶ್ವರ ಈ ಮಾತನ್ನು ಕೊಡುವವನ ಮೇಲಿನ ಕಟ್ಟುಪಾಡಾಗಿ ಓದಿದ. ಆಪತ್ತಿಲ್ಲದಿದ್ದರೆ ಮಗುವನ್ನು ಕೊಡಲೇಕೂಡದು ಎಂಬುದು ಅವನ ನಿಲುವು. ಒಂಬೈನೂರು ವರ್ಷಗಳ ಹಿಂದಿನ ಈ ಭಿನ್ನಾಭಿಪ್ರಾಯ ಇವತ್ತಿಗೂ ಮುಗಿದಿಲ್ಲ. ಇಬ್ಬರ ಲೆಕ್ಕದಲ್ಲೂ ಮೂರನೆಯವರೊಬ್ಬರು ಬಿಟ್ಟುಹೋಗಿದ್ದಾರೆ, ಅದು ಮಗು. ಮಗುವಿನ ಆಪತ್ತಿಗೆ ಉತ್ತರವಾಗಿ ನಡೆದಾಗ ಮಾತ್ರ ದತ್ತು ಧರ್ಮಸಮ್ಮತ ಎಂಬುದು ನನ್ನ ವಾದ. ಆಪತ್ತು ಹೆತ್ತವಳದಾದರೆ ಸಮಾಜದ ಮೊದಲ ಕರ್ತವ್ಯ ಆ ಆಪತ್ತನ್ನು ನೀಗುವುದು. ಆಪತ್ತು ಪಡೆಯುವವರದಾದರೆ ಅದು ನಿಜವಾದ ದುಃಖವೇ, ಆದರೆ ಇನ್ನೊಬ್ಬರ ಮಗುವಿನ ಮೇಲೆ ಹಕ್ಕು ಹುಟ್ಟಿಸುವ ದುಃಖವಲ್ಲ.

ಇದು ಪರಂಪರೆಗೆ ಹೊರಗಿನಿಂದ ತಂದು ಹೇರುವ ಮಾತೇನಲ್ಲ. ವಿಶ್ವಜಿತ್ ಯಾಗದಲ್ಲಿ ಯಜಮಾನ ತನ್ನ ಸರ್ವಸ್ವವನ್ನೂ ದಾನ ಮಾಡಬೇಕು. ಹಾಗಾದರೆ ತಂದೆ ತಾಯಿ ಮುಂತಾದ ತನ್ನವರನ್ನೂ ಕೊಡಬೇಕೇ ಎಂಬ ಪ್ರಶ್ನೆಯನ್ನು ಜೈಮಿನಿಯ ಮೀಮಾಂಸಾಸೂತ್ರಗಳ ಆರನೆಯ ಅಧ್ಯಾಯ ಎತ್ತಿಕೊಳ್ಳುತ್ತದೆ. ಯಾವುದರ ಮೇಲೆ ಒಡೆತನವಿದೆಯೋ ಅದನ್ನಷ್ಟೇ ಕೊಡಲು ಸಾಧ್ಯ, ಬಂಧುಗಳು ಯಾರ ಸೊತ್ತೂ ಅಲ್ಲ ಎಂಬುದು ಅಲ್ಲಿಯ ತೀರ್ಮಾನ. ಯಾಜ್ಞವಲ್ಕ್ಯ ಸ್ಮೃತಿ ಕೂಡ ದಾನಕ್ಕೆ ಒಳಪಡದವುಗಳಲ್ಲಿ ಹೆಂಡತಿಯನ್ನೂ ಮಗನನ್ನೂ ಸೇರಿಸಿತು. ಇನ್ನೊಂದೆಡೆ ವಸಿಷ್ಠ ಧರ್ಮಸೂತ್ರ, ಮಗ ಹುಟ್ಟುವುದು ತಂದೆತಾಯಿಯರಿಂದಲಾದ್ದರಿಂದ ಅವನನ್ನು ಕೊಡಲು, ಮಾರಲು, ತೊರೆಯಲು ಅವರಿಗೆ ಅಧಿಕಾರವಿದೆ ಎಂದಿತು. ಒಬ್ಬನೇ ಮಗನನ್ನು ಮಾತ್ರ ಕೊಡಬಾರದು ಎಂದು ತಡೆಯೊಡ್ಡಿತು. ಆ ತಡೆಗೂ ಕಾರಣ ಮಗುವಿನ ಹಿತವಲ್ಲ, ಕೊಡುವವನ ವಂಶ ಕಡಿದುಹೋಗುತ್ತದೆಂಬ ಭಯ. ಹೀಗೆ ಎರಡು ಧ್ವನಿಗಳಿದ್ದವು. ಪಿಂಡಕ್ಕೆ, ಆಸ್ತಿಗೆ, ಗದ್ದುಗೆಗೆ ಗಂಡು ಬೇಕೆಂಬ ಒತ್ತಡದಲ್ಲಿ ಎರಡನೆಯದೇ ಆಚರಣೆಗೆ ಬಂತು. 1824ರಲ್ಲಿ ಕಿತ್ತೂರಿನ ಶಿವಲಿಂಗಪ್ಪನ ದತ್ತಕವನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪದಿದ್ದಾಗ ಚೆನ್ನಮ್ಮ ಕತ್ತಿ ಹಿಡಿದದ್ದು ನ್ಯಾಯವೇ ಆಗಿತ್ತು. 1865ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ದತ್ತು ತೆಗೆದುಕೊಂಡ ಎರಡು ವರ್ಷದ ಮಗುವನ್ನು ಬ್ರಿಟಿಷರು ಉತ್ತರಾಧಿಕಾರಿಯೆಂದು ಒಪ್ಪಿದ್ದರಿಂದಲೇ 1881ರಲ್ಲಿ ಮೈಸೂರು ಮರಳಿ ಅರಸರ ಕೈಸೇರಿತು. ಒಂದು ನಾಡಿನ ಅಳಿವು ಉಳಿವು ದತ್ತಕದ ಮೇಲೆ ನಿಂತಿದ್ದ ಕಾಲ ಅದು. ಆ ಕಾಲದ ಕಡತಗಳಲ್ಲಿ ಹುಡುಗನ ಬಗ್ಗೆ ಇರುವುದೆಲ್ಲ ಅವನ ಕುಲ, ಹಕ್ಕು, ವಾರಸುದಾರಿಕೆ. ದತ್ತು ಎಂದರೆ ದೊಡ್ಡವರ ಕೊರತೆ ತುಂಬುವ ಉಪಾಯ ಎಂಬ ಭಾವನೆ ನಮ್ಮ ಮನಸ್ಸಿನಲ್ಲಿ ಆಳವಾಗಿ ಬೇರೂರಿದ್ದು ಹೀಗೆ.

1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ ಇದನ್ನು ಅರ್ಧ ಸರಿಪಡಿಸಿತು. ಹೆಣ್ಣು ಮಗುವನ್ನೂ ದತ್ತು ತೆಗೆದುಕೊಳ್ಳಬಹುದಾಯಿತು, ಅವಿವಾಹಿತೆ ಮತ್ತು ವಿಧವೆಗೂ ಆ ಅಧಿಕಾರ ಸಿಕ್ಕಿತು, ದತ್ತಹೋಮ ಕಡ್ಡಾಯವಾಗಿ ಉಳಿಯಲಿಲ್ಲ, ಹಣ ಕೊಟ್ಟು ಪಡೆಯುವುದು ಅಪರಾಧವಾಯಿತು. ಆದರೆ ಅದರ ಹನ್ನೊಂದನೆಯ ಕಲಮನ್ನು ಓದಿ ನೋಡಿ. ಮಗನೋ ಮೊಮ್ಮಗನೋ ಮರಿಮಗನೋ ಇರುವವರು ಗಂಡು ಮಗುವನ್ನು ದತ್ತು ತೆಗೆದುಕೊಳ್ಳುವಂತಿಲ್ಲ, ಮಗಳಿದ್ದರೆ ಹೆಣ್ಣು ಮಗುವನ್ನು ತೆಗೆದುಕೊಳ್ಳುವಂತಿಲ್ಲ. ಮಗುವಿಗೆ ಮನೆ ಹುಡುಕುವ ಕಾನೂನಿಗೆ ಇಂಥ ನಿಯಮದ ಅಗತ್ಯವೇ ಇರುವುದಿಲ್ಲ. ಅಣ್ಣನೊಬ್ಬನಿರುವ ಮನೆ ಅನಾಥ ಹುಡುಗನಿಗೆ ಯಾವ ರೀತಿಯಲ್ಲಿ ಕೆಟ್ಟದ್ದು? ಮನೆಯ ಕೊರತೆ ತುಂಬಿಕೊಳ್ಳುವ ಕಾನೂನಿಗೆ ಮಾತ್ರ, ಕೊರತೆಯಿಲ್ಲದವನಿಗೆ ದತ್ತು ಏಕೆ ಎಂಬ ಪ್ರಶ್ನೆ ಹೊಳೆಯುತ್ತದೆ. ಈ ಕಾಯ್ದೆಯಡಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿದ ಪತ್ರವಿದ್ದರೆ ದತ್ತಕ ನಿಯಮದಂತೆ ನಡೆದಿದೆಯೆಂದೇ ನ್ಯಾಯಾಲಯ ಭಾವಿಸುತ್ತದೆ. ಮಗು ಹೋಗುವ ಮನೆ ಎಂಥದ್ದು, ಕೊಡುವ ತಾಯಿ ಯಾವ ಸ್ಥಿತಿಯಲ್ಲಿದ್ದಾಳೆ ಎಂದು ನೋಡಿಬರುವವರು ಸಾಮಾನ್ಯವಾಗಿ ಯಾರೂ ಇಲ್ಲ.

ದಿಕ್ಕು ಬದಲಾದದ್ದು ಇನ್ನೊಂದು ದಾರಿಯಿಂದ. ಭಾರತದ ಮಕ್ಕಳನ್ನು ವಿದೇಶಿಯರಿಗೆ ದತ್ತು ಕೊಡುವ ಹೆಸರಿನಲ್ಲಿ ಅಕ್ರಮ ನಡೆಯುತ್ತಿದೆಯೆಂದು ಲಕ್ಷ್ಮೀಕಾಂತ ಪಾಂಡೆ ಎಂಬ ವಕೀಲರು ಸುಪ್ರೀಂ ಕೋರ್ಟಿಗೆ ಬರೆದ ಪತ್ರವೇ ಅರ್ಜಿಯಾಗಿ, 1984ರಲ್ಲಿ ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರ ತೀರ್ಪು ಬಂತು. ಮಗು ಮೊದಲು ಹೆತ್ತವರ ಬಳಿ ಇರಬೇಕು, ಆಗದಿದ್ದರೆ ದೇಶದೊಳಗಿನ ಕುಟುಂಬದಲ್ಲಿ, ಅದೂ ಆಗದಿದ್ದರೆ ಮಾತ್ರ ಹೊರದೇಶದಲ್ಲಿ ಎಂಬ ಕ್ರಮವನ್ನು ಅದು ನೆಲೆಗೊಳಿಸಿತು. 1990ರಲ್ಲಿ ದತ್ತು ವ್ಯವಸ್ಥೆಯ ಕೇಂದ್ರ ಸಂಸ್ಥೆಯಾದ ಕಾರಾ ಸ್ಥಾಪನೆಯಾಯಿತು. ದೇಶ ದೇಶಗಳ ನಡುವಿನ ದತ್ತಕದ ಕುರಿತ 1993ರ ಹೇಗ್ ಒಪ್ಪಂದಕ್ಕೆ ಭಾರತ 2003ರಲ್ಲಿ ಒಳಪಟ್ಟಿತು. 2015ರ ಬಾಲನ್ಯಾಯ ಕಾಯ್ದೆ ಯಾವ ಧರ್ಮದವರಿಗೂ ತೆರೆದಿರುವ ದತ್ತು ವ್ಯವಸ್ಥೆಯನ್ನು ವಿವರವಾಗಿ ರೂಪಿಸಿತು. ಕಾಗದದ ಮೇಲೆ ಈಗ ಮಗುವೇ ಮೊದಲು. ಆದರೆ ಸರತಿಯಲ್ಲಿ ನಿಂತವರ ಸಂಖ್ಯೆ ಬೇರೆಯೇ ಒತ್ತಡ ಹಾಕುತ್ತಿದೆ. 2024-25ರಲ್ಲಿ ಕಾರಾ ಮೂಲಕ ದತ್ತು ಹೋದ ಮಕ್ಕಳು 4,515. ಕಾದಿರುವ ಕುಟುಂಬಗಳು ಮೂವತ್ತು ಸಾವಿರಕ್ಕೂ ಹೆಚ್ಚು. ಸರತಿ ಬಂದವರಿಗೆ ಪೋರ್ಟಲಿನಲ್ಲಿ ಮಗುವಿನ ಫೋಟೊ, ವೈದ್ಯಕೀಯ ವರದಿ, ಮಗುವಿನ ಪರಿಚಯ ವರದಿ ತೆರೆದುಕೊಳ್ಳುತ್ತದೆ, ಒಪ್ಪುವುದೋ ಬಿಡುವುದೋ 48 ಗಂಟೆಯೊಳಗೆ ಹೇಳಬೇಕು. ಬಹುತೇಕರು ಕೇಳುವುದು ಎರಡು ವರ್ಷದೊಳಗಿನ ಆರೋಗ್ಯವಂತ ಶಿಶುವನ್ನು. ಏಳು ಎಂಟು ವರ್ಷ ದಾಟಿದವರು, ಅಂಗವಿಕಲರು, ಒಟ್ಟಿಗೇ ಹೋಗಬೇಕಾದ ಒಡಹುಟ್ಟಿದವರು ಹಿಂದೆ ಉಳಿಯುತ್ತಾರೆ. ಯಾರ ಆಪತ್ತು ಹೆಚ್ಚೋ ಅವರಿಗೇ ಮನೆ ಸಿಗುವುದು ಕಷ್ಟ.

ಇಲ್ಲಿ ಒಂದು ಬಲವಾದ ಆಕ್ಷೇಪಣೆ ಬರುತ್ತದೆ. ಇಷ್ಟು ಕುಟುಂಬಗಳು ಕಾದಿರುವಾಗ, ಇಷ್ಟು ಮಕ್ಕಳು ಬಾಲಮಂದಿರಗಳಲ್ಲಿ ಬೆಳೆಯುತ್ತಿರುವಾಗ, ನೈತಿಕ ಸೂಕ್ಷ್ಮಗಳನ್ನು ಹಿಡಿದು ತಡಮಾಡುವುದೇ ಮಗುವಿಗೆ ಬಗೆಯುವ ದ್ರೋಹವಲ್ಲವೇ? ಸಂಸ್ಥೆಯಲ್ಲಿ ಕಳೆದ ಪ್ರತಿ ತಿಂಗಳೂ ಮಗುವಿಗೆ ನಷ್ಟ ಎಂಬುದು ನಿಜ. ತೊರೆದ ಮಗುವಿನ ಕಡತ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಕಾರಣವಿಲ್ಲದೆ ಕೊಳೆಯುವುದನ್ನು ಯಾವ ತತ್ತ್ವವೂ ಸಮರ್ಥಿಸಲಾರದು. ಅಲ್ಲಿ ವೇಗ ಬೇಕು. ಆದರೆ ಬಾಲಮಂದಿರದಲ್ಲಿರುವ ಮಕ್ಕಳಲ್ಲಿ ಬಹಳಷ್ಟು ಮಂದಿಗೆ ತಾಯಿಯೋ ತಂದೆಯೋ ಅಜ್ಜಿಯೋ ಇದ್ದಾರೆ, ಬಡತನಕ್ಕೋ ಕಾಯಿಲೆಗೋ ತಂದು ಬಿಟ್ಟಿರುತ್ತಾರೆ. ಅವರನ್ನೂ ದತ್ತಿನ ಲೆಕ್ಕಕ್ಕೆ ಸೇರಿಸಿ ತುರ್ತು ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಸಾಕ್ಷ್ಯ ನಮ್ಮ ನೆರೆಯಲ್ಲೇ ಇದೆ. 1999 ಮತ್ತು 2001ರ ಸುಮಾರಿಗೆ, ಆಗಿನ ಅವಿಭಜಿತ ಆಂಧ್ರಪ್ರದೇಶದಲ್ಲಿ, ತೆಲಂಗಾಣದ ಲಂಬಾಣಿ ತಾಂಡಾಗಳಿಂದ ಹೆಣ್ಣು ಶಿಶುಗಳನ್ನು ಚಿಕ್ಕಾಸಿಗೆ ಕೊಂಡು, ತಾಯಿ ತಾನಾಗಿ ಒಪ್ಪಿಸಿದ್ದಾಳೆಂಬ ಪತ್ರ ಸೃಷ್ಟಿಸಿ ವಿದೇಶಕ್ಕೆ ಕಳಿಸಲು ಇಟ್ಟಿದ್ದ ಪ್ರಕರಣಗಳು ಬಯಲಾದವು. ದಕ್ಷಿಣ ಕೊರಿಯಾ ದಶಕಗಳ ಕಾಲ ಒಂದು ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ಹೊರದೇಶಗಳಿಗೆ ಕೊಟ್ಟಿತು. ತಂದೆತಾಯಿ ಬದುಕಿದ್ದ ಮಕ್ಕಳನ್ನೂ ದಾಖಲೆಯಲ್ಲಿ ಅನಾಥರೆಂದು ಬರೆಯಲಾಗಿತ್ತೆಂದು, ಇದರಲ್ಲಿ ಸರ್ಕಾರದ ಹೊಣೆಯಿದೆಯೆಂದು ಅಲ್ಲಿಯ ಸತ್ಯಶೋಧನಾ ಆಯೋಗ 2025ರ ಮಾರ್ಚಿನಲ್ಲಿ ಒಪ್ಪಿಕೊಂಡಿತು. ಹಿಂದಿನ ಅಕ್ರಮಗಳ ತನಿಖಾ ವರದಿ ಓದಿ ನೆದರ್‌ಲ್ಯಾಂಡ್ಸ್ 2021ರಲ್ಲಿ ವಿದೇಶಿ ದತ್ತಕವನ್ನೇ ತಡೆಹಿಡಿಯಿತು. ಎಲ್ಲ ಕಡೆಯೂ ಒಂದೇ ಕ್ರಮ ಕಾಣುತ್ತದೆ. ಮಗು ಬೇಕೆನ್ನುವವರು ಹೆಚ್ಚಾದರು, ಸಿಗುವ ಶಿಶುಗಳು ಕಡಿಮೆಯಾದವು, ನಡುವೆ ಹಣ ಬಂತು, ಹಣದ ಹಿಂದೆಯೇ ಸುಳ್ಳು ದಾಖಲೆ ಬಂತು. ಆ ಸುಳ್ಳಿಗೆ ಸಹಿ ಹಾಕಿದವರಲ್ಲಿ ಮಗುವಿಗೆ ಒಳ್ಳೆಯದಾಗಲೆಂದು ಬಯಸಿದವರೂ ಇದ್ದಿರಬಹುದು. ಒಳ್ಳೆಯ ಮನಸ್ಸು ಇಲ್ಲಿ ಕಾವಲಾಗಲಾರದು.

ಹಾಗಾಗಿ ತೂಕದ ಪ್ರಶ್ನೆಯೆಂದರೆ ಕೊಡುವವಳ ಒಪ್ಪಿಗೆ ಎಷ್ಟು ಸ್ವತಂತ್ರ ಎಂಬುದು. ಬಾಲನ್ಯಾಯ ಕಾಯ್ದೆಯ ಪ್ರಕಾರ ತಾಯಿ ಸಮಿತಿಯ ಮುಂದೆ ಒಪ್ಪಿಸುವ ಪತ್ರಕ್ಕೆ ಸಹಿ ಅಥವಾ ಹೆಬ್ಬೆಟ್ಟು ಹಾಕಿದ ಮೇಲೆ ಮನಸ್ಸು ಬದಲಿಸಲು ಅವಳಿಗೆ 60 ದಿನಗಳಿವೆ. ಆ 60 ದಿನಗಳು ಏನಾಗಿ ಕಳೆಯುತ್ತವೆ? ಹೆರಿಗೆಯಾಗಿ ವಾರವೂ ತುಂಬದ, ಮನೆಯವರಿಗೆ ಹೆದರಿರುವ, ಕೂಲಿ ಬಿಟ್ಟರೆ ಊಟವಿಲ್ಲದ ಹೆಣ್ಣಿಗೆ ಯಾರೂ ಬೇರೆ ದಾರಿ ತೋರಿಸದಿದ್ದರೆ ಅದು ಬರಿಯ ಕಾಯುವ ಅವಧಿ, ಯೋಚಿಸುವ ಅವಧಿಯಲ್ಲ. ಬಡತನವೊಂದೇ ಮಗುವನ್ನು ತಾಯಿಯಿಂದ ಬೇರ್ಪಡಿಸಲು ಕಾರಣವಾಗಕೂಡದೆಂದು ವಿಶ್ವಸಂಸ್ಥೆಯ ಸಾಮಾನ್ಯ ಸಭೆ 2009ರಲ್ಲಿ ಅಂಗೀಕರಿಸಿದ ಮಾರ್ಗಸೂಚಿ ಹೇಳುತ್ತದೆ. ನಮ್ಮಲ್ಲೇ ಕೇಂದ್ರ ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆಯಡಿ, ಕಷ್ಟದಲ್ಲಿರುವ ಕುಟುಂಬದ ಮಗು ಮನೆಯಲ್ಲೇ ಉಳಿಯಲೆಂದು ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವ ನೀಡುವ ಅವಕಾಶವಿದೆ. ಒಪ್ಪಿಸುವ ಪತ್ರ ಮುಂದಿಡುವ ಮೊದಲು ಈ ನೆರವಿನ ಅರ್ಜಿಯನ್ನು ಅವಳ ಮುಂದಿಡಬೇಕು, ಅವಳ ಭಾಷೆಯಲ್ಲಿ ಓದಿ ಹೇಳಬೇಕು, ಹಾಗೆ ಮಾಡಿದ್ದೇವೆಂದು ಸಮಿತಿ ಬರೆದಿಡಬೇಕು. ಎಲ್ಲ ತಿಳಿದ ಮೇಲೂ ಅವಳು ಮಗುವನ್ನು ಒಪ್ಪಿಸಲು ನಿರ್ಧರಿಸಿದರೆ ಆ ನಿರ್ಧಾರಕ್ಕೆ ಗೌರವ ಸಲ್ಲಬೇಕು. ಅವಳನ್ನು ಕಲ್ಲುಹೃದಯದವಳೆಂದು ಹಳಿಯುವ ಹಕ್ಕು ಯಾರಿಗೂ ಇಲ್ಲ. ವಿಜ್ಞಾನೇಶ್ವರನ ಓದಿಗೆ ಇವತ್ತಿನ ಅರ್ಥ ಇದೇ ಇರಬೇಕೆಂದು ನನಗನ್ನಿಸುತ್ತದೆ: ಕೊಡುವವಳ ಆಪತ್ತು ತೆಗೆದುಕೊಳ್ಳುವವನಿಗೆ ಪರವಾನಗಿಯಲ್ಲ.

ಧರ್ಮದ ಕಡೆಯಿಂದ ಬರುವ ಆಕ್ಷೇಪಣೆಯನ್ನೂ ಎದುರಿಸಬೇಕು. ಎಲ್ಲ ಧರ್ಮೀಯರಿಗೂ ಅನ್ವಯಿಸುವ ದತ್ತು ಮಸೂದೆ 1972ರಲ್ಲೂ 1980ರಲ್ಲೂ ಸಂಸತ್ತಿಗೆ ಬಂದು, ಮುಸ್ಲಿಮರ ಮತ್ತು ಪಾರ್ಸಿಗಳ ವಿರೋಧದ ನಡುವೆ ಬಿದ್ದುಹೋಯಿತು. ಸಾಕಿದ ಮಗುವನ್ನು ಅದರ ಹೆತ್ತ ತಂದೆಯ ಹೆಸರಿನಿಂದಲೇ ಕರೆಯಿರಿ ಎಂಬುದು ಕುರ್‌ಆನಿನ ಆದೇಶ. ಅನಾಥರನ್ನು ಸಾಕುವುದು ದೊಡ್ಡ ಪುಣ್ಯ, ಆದರೆ ವಂಶದ ಗುರುತು ಅಳಿಸಬಾರದು. ಈ ನಿಲುವನ್ನು ಹಿಂದುಳಿದದ್ದೆಂದು ತಳ್ಳಿಹಾಕುವವರು, ದತ್ತು ಹೋಗಿ ಬೆಳೆದವರು ಇವತ್ತು ಸಿಯೋಲ್‌ನಲ್ಲಿ, ಡಬ್ಲಿನ್‌ನಲ್ಲಿ ಏನು ಕೇಳುತ್ತಿದ್ದಾರೆಂದು ಕೇಳಿಸಿಕೊಳ್ಳಬೇಕು. ನಮ್ಮ ಹುಟ್ಟಿನ ದಾಖಲೆಯನ್ನು ಅಳಿಸಬೇಡಿ ಎಂಬುದೇ ಅವರ ಬೇಡಿಕೆ. 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆ, ವಂಶದ ಗುರುತು ಅಳಿಸದೆ ಮಗುವನ್ನು ಸಾಕುವ ಈ ಕಫಾಲಾ ಪದ್ಧತಿಯನ್ನು ದತ್ತಿನ ಪಕ್ಕದಲ್ಲೇ ಹೆಸರಿಸಿ ಮಾನ್ಯ ಮಾಡಿದೆ. ಹಿಂದೂ ಶಾಸ್ತ್ರದಲ್ಲೂ ಎರಡೂ ಕಡೆಯವರ ಮಗನಾಗಿ ಉಳಿಯುವ ದ್ವ್ಯಾಮುಷ್ಯಾಯಣನಿದ್ದ. ಹುಟ್ಟಿದ ಮನೆಯ ನಿಷಿದ್ಧ ಸಂಬಂಧಗಳಲ್ಲಿ ದತ್ತುಮಗ ಮದುವೆಯಾಗುವಂತಿಲ್ಲ ಎಂಬ ನಿಯಮ 1956ರ ಕಾಯ್ದೆಯಲ್ಲೂ ಉಳಿದಿದೆ. 2014ರಲ್ಲಿ ಶಬನಂ ಹಾಶ್ಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆಗ ಜಾರಿಯಲ್ಲಿದ್ದ ಬಾಲನ್ಯಾಯ ಕಾಯ್ದೆಯ ದಾರಿ ಯಾವ ಧರ್ಮದವರಿಗೂ ತೆರೆದಿದೆ, ಬೇಕಾದವರು ಆರಿಸಿಕೊಳ್ಳಬಹುದು ಎಂದಿತು. ಹಾಗೆ ಆಯ್ಕೆ ಉಳಿಯುವುದು ಒಳ್ಳೆಯದು. ಆದರೆ ಯಾವ ದಾರಿ ಹಿಡಿದರೂ ಮನೆಯ ಪರಿಶೀಲನೆ, ತಾಯಿಯ ಒಪ್ಪಿಗೆಯ ಪರೀಕ್ಷೆ, ದಾಖಲೆಯ ರಕ್ಷಣೆ ಈ ಮೂರನ್ನು ಬಿಡುವಂತಿಲ್ಲ. ಹಿಂದೂ ದತ್ತಕ ಪತ್ರಕ್ಕೆ ಇದರಿಂದ ವಿನಾಯಿತಿ ಕೊಡಲು ಕಾರಣ ಕಾಣುವುದಿಲ್ಲ. ಎರಡು ಕಾಯ್ದೆಗಳನ್ನೂ ಹೊಂದಿಸಬೇಕೆಂದು ಸಂಸದೀಯ ಸಮಿತಿಯೊಂದು 2022ರಲ್ಲಿ ಶಿಫಾರಸು ಮಾಡಿದೆ.

ಗುಟ್ಟಿನ ಪರವಾಗಿ ವಾದಿಸುವವರೂ ಇದ್ದಾರೆ. ಮಗುವಿಗೆ ತಿಳಿದರೆ ನೊಂದುಕೊಳ್ಳುತ್ತದೆ, ಸಾಕಿದವರಿಂದ ದೂರವಾಗುತ್ತದೆ ಎಂಬ ಭಯ ಅವರದು. ಪಂಪ ಮತ್ತು ಕುಮಾರವ್ಯಾಸರನ್ನು ಓದಿದ ಕನ್ನಡಿಗರಿಗೆ ಇದಕ್ಕೆ ಉತ್ತರ ಗೊತ್ತಿರಬೇಕು. ತಾನು ಕುಂತಿಯ ಮಗನೆಂದು ತಿಳಿದ ಮೇಲೂ ಕರ್ಣ ರಾಧೆಯ ಮಗನಾಗಿಯೇ ಉಳಿದ. ಅವನನ್ನು ಹಿಂಡಿದ್ದು ತಿಳಿವಳಿಕೆಯಲ್ಲ, ಅದು ಬಂದ ಹೊತ್ತು ಮತ್ತು ತಂದವರ ಉದ್ದೇಶ. ಯುದ್ಧದ ಹೊಸ್ತಿಲಲ್ಲಿ, ಬೇರೆಯವರ ಅನುಕೂಲಕ್ಕಾಗಿ ಆ ಸತ್ಯ ಹೊರಬಂತು. ಅಕ್ಷರ ಕಲಿಯುವ ಮೊದಲೇ ಸಾಕಿದವರ ಬಾಯಿಂದ ಕೇಳಿದ ಸತ್ಯ ಮಗುವಿಗೆ ತನ್ನ ಬದುಕಿನ ಸಹಜ ಸಂಗತಿಯಾಗಿ ಬೆಳೆಯುತ್ತದೆ. ಮದುವೆ ಮನೆಯಲ್ಲಿ ದಾಯಾದಿಯೊಬ್ಬ ಉಸುರಿದ ಸತ್ಯ ಹಾಗಾಗುವುದಿಲ್ಲ. ಸಾಕಿದ್ದಕ್ಕೆ ಮಗು ಋಣಿಯಾಗಿರಬೇಕೆಂಬ ನೆರೆಹೊರೆಯ ಮಾತನ್ನೂ ಇಲ್ಲಿಯೇ ನಿಲ್ಲಿಸಬೇಕು. ಹೆತ್ತ ಮಗುವಿನಿಂದ ಕೇಳದ ಕೃತಜ್ಞತೆಯನ್ನು ದತ್ತು ಮಗುವಿನಿಂದ ಕೇಳುವುದು, ನೀನು ಪೂರ್ತಿ ನಮ್ಮವನಲ್ಲ ಎಂದು ದಿನವೂ ನೆನಪಿಸಿದಂತೆ.

ನಮ್ಮ ದತ್ತು ನಿಯಮಾವಳಿ 18 ತುಂಬಿದವರಿಗೆ ತಮ್ಮ ಮೂಲ ಹುಡುಕುವ ಅವಕಾಶ ಕೊಟ್ಟಿದೆ. ಮಗುವನ್ನು ಒಪ್ಪಿಸುವಾಗ ತಾಯಿ ತನ್ನ ಗುರುತು ಗುಪ್ತವಾಗಿರಲೆಂದು ಕೇಳಿಕೊಂಡಿದ್ದರೆ ಅವಳ ಸಮ್ಮತಿ ಬೇಕು ಎಂಬ ರಕ್ಷಣೆಯೂ ಇದೆ, ಇರಲೇಬೇಕು. ಆದರೆ ಹತ್ತೊಂಬತ್ತರ ವಯಸ್ಸಿನಲ್ಲಿ ಭಯದಿಂದ ಹೇಳಿದ ಮಾತನ್ನು ನಲವತ್ತರಲ್ಲೂ ಅವಳ ಮಾತೆಂದೇ ಎಣಿಸುವುದು ಸರಿಯಲ್ಲ. ಐರ್ಲೆಂಡ್ 2022ರ ತನ್ನ ಕಾಯ್ದೆಯಡಿ ಒಂದು ದಾಖಲೆ ಪುಸ್ತಕ ತೆರೆದಿದೆ. ಸಂಪರ್ಕ ಬೇಕೋ ಬೇಡವೋ ಎಂಬುದನ್ನು ಹೆತ್ತವರೂ ಮಕ್ಕಳೂ ಅದರಲ್ಲಿ ಬರೆಸಬಹುದು. ನಮ್ಮ ತಾಯಂದಿರಿಗೂ ತಮ್ಮ ಕೋರಿಕೆಯನ್ನು ಮುಂದೆಂದಾದರೂ ಬದಲಿಸಲು, ಮನೆತನದ ಕಾಯಿಲೆಗಳ ವಿವರವನ್ನೋ ಮಗುವಿಗೆ ಒಂದು ಪತ್ರವನ್ನೋ ಸೇರಿಸಲು ಅಂಥದೊಂದು ಜಾಗ ಬೇಕು. ಪ್ರತಿ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕದಲ್ಲಿ ಅದನ್ನು ಇಡಬಹುದು. ಆಗ ದತ್ತು ಕೇಂದ್ರ ಮುಚ್ಚಿಹೋದರೂ ಕಡತ ಕಳೆದುಹೋಗುವುದಿಲ್ಲ. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ, ನಿಯಮಾವಳಿಗೆ ಒಂದು ತಿದ್ದುಪಡಿ ಸಾಕು.